ಕೊಡದೇ ಇದ್ದದ್ದೂ ಸೊನ್ನೆ ಕೊಟ್ಟದ್ದೂ ಒಂದೇನಾ?

ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕು) ಒಂದಿದೆ ಅಂದುಕೊಳ್ಳಿ. ಅದಕ್ಕೆ ಒಂದೇ ಸಂಖ್ಯೆ ಕೊಟ್ಟರೆ? ಪೈಥಾನ್ ಭಾಷೆಯಾಗಿದ್ದರೆ ಎರರ್ ತೋರಿಸಿ ಅಲ್ಲೇ ನಿಲ್ಲುತ್ತಿತ್ತು. ಜಾವಾಸ್ಕ್ರಿಪ್ಟ್ ಖಾಲಿ ಜಾಗಕ್ಕೆ, ಬೆಲೆ ಕೊಟ್ಟಿಲ್ಲ ಎಂದು ಹೇಳುವ ‘ಅನ್‌ಡಿಫೈನ್ಡ್’ ತುಂಬಿ ಸುಮ್ನೆ ಮುಂದೆ ಹೋಗುತ್ತದೆ. ಐದು ಸಂಖ್ಯೆ ಕೊಟ್ಟರೆ ಮೊದಲ ಎರಡನ್ನು ಕೂಡಿಸುತ್ತದೆ, ಉಳಿದ ಮೂರರ ಕಡೆ ತಿರುಗಿಯೂ ನೋಡುವುದಿಲ್ಲ. 1995ರಲ್ಲಿ ಬ್ರೆಂಡನ್ ಐಕ್ ಹುಟ್ಟುಹಾಕಿದ ಈ ಭಾಷೆಗೆ ತಕರಾರು ಮಾಡುವ ಅಭ್ಯಾಸವೇ ಕಡಿಮೆ.

ಬೇಕಾದರೆ ಕೊಡಿ, ಇಲ್ಲದಿದ್ದರೆ ಬಿಡಿ ಎನ್ನುವಂಥ ಆರ್ಗ್ಯುಮೆಂಟ್‌ಗಳಿಗೆ (ಅಂದರೆ ಫಂಕ್ಷನ್ನಿಗೆ ಕೊಡುವ ಬೆಲೆಗಳಿಗೆ) ಇದು ಅನುಕೂಲವೇ. ಹಿಂದೆ ಎಲ್ಲರೂ || ಚಿಹ್ನೆ ಬಳಸುತ್ತಿದ್ದರು: ಕೊಟ್ಟಿದ್ದರೆ ಅದು, ಇಲ್ಲದಿದ್ದರೆ ಇದು. ನಾನೂ ಹಾಗೇ ‘ವಾಲ್ಯೂಮ್ || 50’ ಎಂದು ಬರೆದಿದ್ದೆ. ಸದ್ದು ಪೂರ್ತಿ ಇಳಿಸಿದರೆ ಮತ್ತೆ 50ಕ್ಕೇ ಜಿಗಿಯುತ್ತಿತ್ತು! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, || ಕಣ್ಣಿಗೆ 0, ಖಾಲಿ ಸ್ಟ್ರಿಂಗ್ (ಅಕ್ಷರವೇ ಇಲ್ಲದ ಪಠ್ಯ), ಫಾಲ್ಸ್ (ಸುಳ್ಳು) ಎಲ್ಲವೂ ‘ಇಲ್ಲ’ ಎಂದೇ ಲೆಕ್ಕ. ಆದರೆ ಸೊನ್ನೆ ಕೊಡುವುದೂ ಒಂದು ಉತ್ತರವೇ ಅಲ್ವಾ?

2015ರ ಆವೃತ್ತಿಯಲ್ಲಿ ಡಿಫಾಲ್ಟ್ ಪ್ಯಾರಾಮೀಟರ್, ಅಂದರೆ ಏನೂ ಕೊಡದಿದ್ದಾಗ ಬಳಸುವ ಬೆಲೆ, ಬಂತು. ಫಂಕ್ಷನ್ನಿನ ಆವರಣದಲ್ಲೇ ‘ವಾಲ್ಯೂಮ್ = 50’ ಎಂದರೆ ಮುಗಿಯಿತು. ಅನ್‌ಡಿಫೈನ್ಡ್ ಇದ್ದಾಗ ಮಾತ್ರ 50 ಬರುತ್ತದೆ, ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಇಲ್ಲೂ ಒಂದು ಕೊಕ್ಕೆ ಇದೆ: ನಲ್ (ಬೇಕೆಂದೇ ಖಾಲಿ ಬಿಟ್ಟ ಬೆಲೆ) ಕೊಟ್ಟರೆ ಡಿಫಾಲ್ಟ್ ಬರುವುದಿಲ್ಲ. ಸರ್ವರ್‌ನಿಂದ ಬರುವ ಡೇಟಾದಲ್ಲಿ ನಲ್ ಜಾಸ್ತಿ. ಅದಕ್ಕೆ 2020ರಲ್ಲಿ ಬಂದ ?? ಚಿಹ್ನೆಯೇ ಸರಿ. ನಲ್, ಅನ್‌ಡಿಫೈನ್ಡ್ ಎರಡನ್ನು ಬಿಟ್ಟು ಬೇರೆ ಯಾವುದನ್ನೂ ಅದು ‘ಇಲ್ಲ’ ಎನ್ನುವುದಿಲ್ಲ.

ಎಷ್ಟು ಆರ್ಗ್ಯುಮೆಂಟ್ ಬರುತ್ತವೆ ಎಂದೇ ಗೊತ್ತಿಲ್ಲದಿದ್ದರೆ? ಹಳೆಯ ದಾರಿ ‘ಆರ್ಗ್ಯುಮೆಂಟ್ಸ್’ ಎಂಬ ವಸ್ತು. ನೋಡಲು ಅರೇ (ಬೆಲೆಗಳ ಪಟ್ಟಿ), ಆದರೆ ಮ್ಯಾಪ್ (ಪ್ರತಿ ಬೆಲೆಯ ಮೇಲೂ ಒಂದು ಫಂಕ್ಷನ್ ನಡೆಸುವುದು), ಫಿಲ್ಟರ್ (ಬೇಕಾದ್ದನ್ನು ಆರಿಸುವುದು) ಅಂದರೆ ಕೈಯೆತ್ತಿಬಿಡುತ್ತದೆ. ಈಗ ಕೊನೆಯ ಹೆಸರಿಗೆ ಮೊದಲು ಮೂರು ಚುಕ್ಕಿ ಇಟ್ಟರೆ ಉಳಿದದ್ದೆಲ್ಲ ನಿಜವಾದ ಅರೇ ಆಗಿ ಸಿಗುತ್ತದೆ. ಹಳೆಯದನ್ನು ಹೊಸ ಕೋಡಿನಲ್ಲಿ ಬಳಸಲು ನನಗಂತೂ ಕಾರಣ ಕಾಣುವುದಿಲ್ಲ.

ಇನ್ನು ಒಂದು ಮೋಜು. '10', '10', '10' ಇರುವ ಅರೇಯ ಮೇಲೆ ಮ್ಯಾಪ್ ನಡೆಸಿ, ಅದಕ್ಕೆ ಪಠ್ಯವನ್ನು ಪೂರ್ಣಾಂಕವಾಗಿಸುವ ಪಾರ್ಸ್‌ಇಂಟ್ ಕೊಟ್ಟು ನೋಡಿ. ಸಿಗುವುದು 10, ‘ಸಂಖ್ಯೆಯೇ ಅಲ್ಲ’ ಮತ್ತು 2. ಮ್ಯಾಪ್ ಪ್ರತಿ ಸಲ ಮೂರು ಆರ್ಗ್ಯುಮೆಂಟ್ ಕಳಿಸುತ್ತದೆ: ಬೆಲೆ, ಅದರ ಸ್ಥಾನ, ಇಡೀ ಅರೇ. ಪಾರ್ಸ್‌ಇಂಟ್ ಎರಡನೆಯದನ್ನು ಎಣಿಕೆಯ ಆಧಾರ ಎಂದುಕೊಳ್ಳುತ್ತದೆ. ಸೊನ್ನೆ ಬಂದರೆ ಮಾಮೂಲಿನಂತೆ ಹತ್ತರ ಆಧಾರ. ಒಂದರ ಆಧಾರ ಅದಕ್ಕೆ ಒಪ್ಪಿಗೆಯಿಲ್ಲ. ಎರಡರ ಆಧಾರದಲ್ಲಿ 10 ಅಂದರೆ 2. ಮೂರನೆಯ ಆರ್ಗ್ಯುಮೆಂಟನ್ನು ಯಾರೂ ಕೇಳಲೇ ಇಲ್ಲ.