ಮೂರು ಕಪಾಟಿಗೆ ಹಂಚಿಹೋದ ಮಕ್ಕಳ ಪುಸ್ತಕ

ಮಗುವಿಗೆ ಒಂದು ಒಳ್ಳೆಯ ಪುಸ್ತಕ ಕೊಡಿಸೋಣ ಅಂತ ಹೊರಟವರಿಗೆ ಮೊದಲು ಎದುರಾಗುವುದು ಹಣೆಪಟ್ಟಿಗಳು. ಇದು ಚಟುವಟಿಕೆಯದು, ಇದು ವಿಜ್ಞಾನದ್ದು, ಇದು ಪರಿಸರದ್ದು, ಇದು ಬರೀ ಕತೆ. ಚಿತ್ರ ಬಿಡಿಸುವ ಮಗು, ಆಟಿಕೆ ಬಿಚ್ಚಿ ನೋಡುವ ಮಗು, ಇರುವೆ ಸಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂರುವ ಮಗು ಬೇರೆ ಬೇರೆ ಎನ್ನುವ ಹಾಗೆ ಪುಸ್ತಕಗಳು ಹಂಚಿಹೋಗಿವೆ. ಬಹಳ ಸಲ ಈ ಮೂರೂ ಒಂದೇ ಮಗು, ಅಲ್ವಾ? ಹಾಗಾದರೆ ಪುಸ್ತಕಗಳು ಯಾವಾಗ ಬೇರೆಯಾದವು?

ಶುರುವಿನಲ್ಲಿ ಹೀಗಿರಲಿಲ್ಲ. ಮಕ್ಕಳಿಗಾಗಿಯೇ ಬಂದ ಮೊದಮೊದಲ ಸಚಿತ್ರ ಪುಸ್ತಕಗಳಲ್ಲಿ ಒಂದು ‘ಆರ್ಬಿಸ್ ಪಿಕ್ಟಸ್’. ಶಿಕ್ಷಣತಜ್ಞ ಕೊಮೆನಿಯಸ್ ಬರೆದ ಇದು 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಉದ್ದೇಶ ಲ್ಯಾಟಿನ್ ಕಲಿಸುವುದು. ಆದರೆ ಅಕ್ಷರಪಾಠ ಶುರುವಾಗುವುದು ಕಾಗೆಯ ಕೂಗಿನಿಂದ, ಕುರಿಮರಿಯ ದನಿಯಿಂದ. ಮುಂದೆ ಮೋಡ, ಹಕ್ಕಿ, ಬಡಗಿ, ಗಿರಣಿ, ಗಡಿಯಾರ ಎಲ್ಲವೂ ಅದೇ ಪುಸ್ತಕದಲ್ಲಿ ಬರುತ್ತವೆ. ಅದಾದ ಮೇಲೆ 1693ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಮಕ್ಕಳು ಆಟವಾಡುತ್ತಲೇ ಕಲಿಯಲಿ ಎಂದ, 1744ರಲ್ಲಿ ಪ್ರಕಾಶಕ ಜಾನ್ ನ್ಯೂಬೆರಿ ಲಂಡನ್ನಿನಲ್ಲಿ ಮಕ್ಕಳ ಖುಷಿಗೆಂದೇ ಪುಸ್ತಕ ಮಾರತೊಡಗಿದ, 1762ರಲ್ಲಿ ಚಿಂತಕ ರೂಸೋ ಮಗುವನ್ನು ಪುಸ್ತಕದಿಂದ ಬಿಡಿಸಿ ಬಯಲಿಗೆ ಕಳಿಸಿ ಎಂದ.

ಹತ್ತೊಂಬತ್ತನೇ ಶತಮಾನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕೈಕೆಲಸ, ವಿಜ್ಞಾನ, ನಿಸರ್ಗ ಎಂಬ ಮೂರೂ ಎಳೆ ಚೆನ್ನಾಗಿ ಹೆಣೆದುಕೊಂಡಿದ್ದೂ ಆಗಲೇ, ಬಿಡಿಸಿಕೊಂಡಿದ್ದೂ ಆಗಲೇ.

1806ರ ಹೊತ್ತಿಗೆ ಜೇನ್ ಮಾರ್ಸೆಟ್ ರಸಾಯನಶಾಸ್ತ್ರದ ಬಗ್ಗೆ ಒಂದು ಪುಸ್ತಕ ತಂದರು. ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ಮಾತುಕತೆಯ ರೂಪದಲ್ಲಿ ಅದಿತ್ತು. ಲಂಡನ್ನಿನ ಒಂದು ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಅದನ್ನು ಓದಿದ. ಓದಿ ಸುಮ್ನೆ ಬಿಡಲಿಲ್ಲ. ಅದರಲ್ಲಿ ಬರೆದದ್ದು ನಿಜವೇ ಅಂತ ಕೈಗೆ ಸಿಕ್ಕ ಸಾಮಾನಿನಲ್ಲಿ ಸಣ್ಣ ಸಣ್ಣ ಪ್ರಯೋಗ ಮಾಡಿ ನೋಡಿದ. ಆ ಹುಡುಗನೇ ಮೈಕಲ್ ಫ್ಯಾರಡೆ. ದೊಡ್ಡ ವಿಜ್ಞಾನಿಯಾದ ಮೇಲೂ ಆ ಪುಸ್ತಕದ ಋಣವನ್ನು ಆತ ಮರೆಯಲಿಲ್ಲ. ಮುಂದೆ 1860ರ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳೆದುರು ನಿಂತು ಒಂದು ಮೇಣದಬತ್ತಿಯ ಬಗ್ಗೆ ಆರು ಉಪನ್ಯಾಸ ಕೊಟ್ಟ. ಮರುವರ್ಷವೇ ಅವು ಪುಸ್ತಕವಾದವು. ಬತ್ತಿಯನ್ನು ಹೇಗೆ ಮಾಡುತ್ತಾರೆ ಎಂಬಲ್ಲಿಂದ ಶುರುವಾದ ಮಾತು ಜ್ವಾಲೆ, ಗಾಳಿ, ನೀರು ದಾಟಿ ನಮ್ಮ ಉಸಿರಿಗೆ ಬರುತ್ತದೆ. ನಾವು ಬಿಟ್ಟ ಉಸಿರು ಗಿಡಗಳಿಗೆ ಹೇಗೆ ಬೇಕಾಗುತ್ತದೆ ಎಂಬುದನ್ನೂ ಹೇಳುತ್ತದೆ. ಕೈಕೆಲಸ, ವಿಜ್ಞಾನ, ನಿಸರ್ಗ ಮೂರನ್ನೂ ಇಷ್ಟು ಸಹಜವಾಗಿ ಒಂದೇ ವಸ್ತುವಿನಲ್ಲಿ ತೋರಿಸಿದ ಇನ್ನೊಂದು ಪುಸ್ತಕ ನನಗೆ ಸಿಕ್ಕಿಲ್ಲ.

ಅದಾಗಿ ಹದಿನೈದು ವರ್ಷಕ್ಕೆ, 1876ರಲ್ಲಿ, ಅಮೆರಿಕದಲ್ಲಿ ಗ್ರಂಥಾಲಯಗಳಿಗೆ ಹೊಸ ವರ್ಗೀಕರಣ ಬಂತು. ಡ್ಯೂಯಿ ದಶಾಂಶ ಪದ್ಧತಿ ಅಂತ ನಾವು ಕರೆಯುವುದು ಅದನ್ನೇ. ನಿಸರ್ಗವಿಜ್ಞಾನಕ್ಕೆ 500, ಉಪಯುಕ್ತ ಕಲೆಗಳು ಅಂದರೆ ಇಂದಿನ ತಂತ್ರಜ್ಞಾನಕ್ಕೆ 600, ಲಲಿತಕಲೆಗೆ 700, ಸಾಹಿತ್ಯಕ್ಕೆ 800. ಪುಸ್ತಕ ಬೇಗ ಸಿಗಲಿ ಎಂಬ ಒಳ್ಳೆಯ ಉದ್ದೇಶದ ಕೆಲಸ ಅದು. ಆದರೂ ಬಾವಲಿಯ ರೆಕ್ಕೆ ಒಂದು ಕಡೆ, ಗಾಳಿಪಟ ಇನ್ನೊಂದು ಕಡೆ ಆಯಿತು.

ಮಾರುಕಟ್ಟೆಯೂ ಅದೇ ದಾರಿ ಹಿಡಿಯಿತು. ಹುಡುಗರ ಕೈಪಿಡಿ ಒಂದು, ಹುಡುಗಿಯರ ಕೈಪಿಡಿ ಇನ್ನೊಂದು. ಡೇನಿಯಲ್ ಬಿಯರ್ಡ್ 1882ರಲ್ಲಿ ಹುಡುಗರಿಗಾಗಿ ಬರೆದರೆ, 1887ರಲ್ಲಿ ಅವರ ಸೋದರಿಯರು ಹುಡುಗಿಯರಿಗಾಗಿ ಬರೆದರು. ಎರಡೂ ಸೊಗಸಾದ ಪುಸ್ತಕಗಳೇ. ಆದರೆ ಯಂತ್ರ ಜೋಡಿಸುವುದು ಗಂಡುಮಕ್ಕಳ ಕೆಲಸ ಎಂಬ ಭಾವನೆ ಮಕ್ಕಳ ಪುಸ್ತಕಗಳಲ್ಲಿ ಮುಂದೆ ಬಹಳ ಕಾಲ ಉಳಿಯಿತು.

ಆಮೇಲೆ ಒಂದು ದೊಡ್ಡ ಜಗಳ. 1898ರಲ್ಲಿ ಅರ್ನೆಸ್ಟ್ ಥಾಂಪ್ಸನ್ ಸೀಟನ್ ಬರೆದ ಕಾಡುಪ್ರಾಣಿಗಳ ಕತೆಗಳು ಮನೆಮಾತಾದವು. ಅಂಥವೇ ಇನ್ನಷ್ಟು ಬಂದವು. ಮುರಿದ ಕಾಲಿಗೆ ಹಕ್ಕಿಯೊಂದು ತಾನೇ ಮಣ್ಣಿನ ಕಟ್ಟು ಹಾಕಿಕೊಂಡಿತು ಅಂತ ಒಬ್ಬ ಲೇಖಕರು ನಿಜಸಂಗತಿಯೆಂದೇ ಬರೆದರು. 1903ರಲ್ಲಿ ನಿಸರ್ಗ ಬರಹಗಾರ ಜಾನ್ ಬರೋಸ್ ಇಂಥ ಬರಹಗಳನ್ನು ನಕಲಿ ನಿಸರ್ಗಶಾಸ್ತ್ರ ಎಂದು ಟೀಕಿಸಿದರು. ವಾದ ಎಷ್ಟು ಬೆಳೆಯಿತೆಂದರೆ 1907ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಕೂಡ ಅದರಲ್ಲಿ ಇಳಿದರು. ಮಕ್ಕಳಿಗೆ ಸುಳ್ಳನ್ನು ನಿಜವೆಂದು ಹೇಳಬಾರದು ಎಂಬ ಮಾತು ಸರಿಯಾದದ್ದೇ. ಆದರೆ ಪ್ರಾಣಿಯ ಮನಸ್ಸನ್ನು ಊಹಿಸಿಕೊಳ್ಳುವುದೇ ತಪ್ಪು ಎನ್ನುವ ಕಡೆಗೆ ವಾದ ಜಾರಿತು ಅನಿಸುತ್ತದೆ. ಊಹೆ ಕತೆಯ ಪಾಲಿಗೆ, ಮಾಹಿತಿ ವಿಜ್ಞಾನದ ಪಾಲಿಗೆ ಎಂಬ ಗೆರೆ ಇನ್ನಷ್ಟು ಗಟ್ಟಿಯಾಯಿತು.

ಎಲ್ಲರೂ ಆ ಗೆರೆಯನ್ನು ಒಪ್ಪಲಿಲ್ಲ. 1911ರಲ್ಲಿ ಆನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ಶಿಕ್ಷಕರಿಗಾಗಿ ಬರೆದ ಕೈಪಿಡಿಯಲ್ಲಿ ಉತ್ತರಕ್ಕಿಂತ ಪ್ರಶ್ನೆಗೆ ಬೆಲೆ. ಹೊರಗೆ ಹೋಗು, ಈ ಹುಳದ ಕಾಲು ಎಲ್ಲಿ ಶುರುವಾಗುತ್ತದೆ ನೋಡು, ಎನ್ನುವ ಧಾಟಿ. 1912ರಲ್ಲಿ ಎಡ್ವಿನ್ ಬ್ರೂಸ್ಟರ್ ಮಕ್ಕಳಿಗೆ ಬರೆದ ಪುಸ್ತಕ, ಮೊಟ್ಟೆಯೊಳಗೆ ಕೋಳಿಮರಿ ಹೇಗೆ ಬಂತು ಅಂತ ಕೇಳಿ ಶುರುವಾಗುತ್ತದೆ. ನಮ್ಮ ದೇಹವೂ ಒಂದು ಯಂತ್ರ ಎಂದು ವಿವರಿಸುತ್ತದೆ. ಅದನ್ನು ಓದಿ ವಿಜ್ಞಾನಕ್ಕೆ ಕಣ್ಣು ತೆರೆಯಿತು ಎಂದ ಹುಡುಗ ಅಲನ್ ಟ್ಯೂರಿಂಗ್. ಕಂಪ್ಯೂಟರ್ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಆತ ಕೊನೆಯ ವರ್ಷಗಳಲ್ಲಿ ಗಿಡಗಳಲ್ಲಿ, ಪ್ರಾಣಿಗಳಲ್ಲಿ ಆಕಾರ ಹೇಗೆ ಮೂಡುತ್ತದೆ ಎಂಬ ಲೆಕ್ಕದಲ್ಲಿ ತೊಡಗಿದ್ದ.

ಮುಂದಿನದು ಬೇಗ ಬೇಗ ನಡೆದುಹೋಯಿತು. 1957ರಲ್ಲಿ ಸೋವಿಯತ್ ಒಕ್ಕೂಟದ ಉಪಗ್ರಹ ಸ್ಪುಟ್ನಿಕ್ ಹಾರಿತು. ಮರುವರ್ಷವೇ ಅಮೆರಿಕ ಕಾನೂನು ಮಾಡಿ ವಿಜ್ಞಾನ ಶಿಕ್ಷಣಕ್ಕೆ ಹಣ ಸುರಿಯಿತು. ಸಂಶೋಧನೆ ದೇಶದ ಅಗತ್ಯವಾಯಿತು. ಅದಕ್ಕೆ ಸ್ವಲ್ಪ ಮೊದಲು, 1956ರಲ್ಲಿ, ನಿಸರ್ಗ ಬರಹಗಾರ್ತಿ ರೇಚಲ್ ಕಾರ್ಸನ್ ಒಂದು ಲೇಖನ ಬರೆದಿದ್ದರು. ಮಗುವಿಗೆ ಮೊದಲು ಬೆರಗು ಬರಲಿ, ಹೆಸರುಗಳು ಆಮೇಲೆ ಎಂಬುದು ಅದರ ಸಾರ. ಆದರೆ 1962ರಲ್ಲಿ ಅವರೇ ಕೀಟನಾಶಕಗಳ ಬಗ್ಗೆ ಎಚ್ಚರಿಸಿದ ಮೇಲೆ, ಮಕ್ಕಳ ಪುಸ್ತಕಗಳೂ ಬೆರಗಿಗಿಂತ ಎಚ್ಚರಿಕೆಯನ್ನೇ ಹೆಚ್ಚು ಎತ್ತಿಕೊಂಡವು. ಕಾಡು ಉರಿಯುತ್ತಿದೆ, ಹಿಮ ಕರಗುತ್ತಿದೆ. 1996ರಲ್ಲಿ ಶಿಕ್ಷಣತಜ್ಞ ಡೇವಿಡ್ ಸೋಬೆಲ್ ಇದಕ್ಕೆ ತಡೆಹಾಕಲು ನೋಡಿದರು. ಸಣ್ಣ ಮಕ್ಕಳಿಗೆ ನಿಸರ್ಗದ ಪರಿಚಯ ಆಗುವ ಮೊದಲೇ ಅದರ ದುರಂತ ಹೇಳಬೇಡಿ ಎಂದರು. ಅವರ ಮಾತು ಇನ್ನೂ ಹೆಚ್ಚು ಜನಕ್ಕೆ ಮುಟ್ಟಬೇಕಿತ್ತು.

ಅಷ್ಟರಲ್ಲಿ ನಿಸರ್ಗವೇ ಪುಟಗಳಿಂದ ಹಿಂದೆ ಸರಿಯುತ್ತಿತ್ತು. ಅಮೆರಿಕದ ಕಾಲ್ಡಿಕಾಟ್ ಪ್ರಶಸ್ತಿ ಅಥವಾ ಅದರ ಗೌರವ ಮನ್ನಣೆ ಪಡೆದ, 1938ರಿಂದ 2008ರವರೆಗಿನ 296 ಚಿತ್ರಪುಸ್ತಕಗಳನ್ನು ಸಂಶೋಧಕರು ಪರಿಶೀಲಿಸಿದರು. ಶುರುವಿನಲ್ಲಿ ಹೆಚ್ಚುಕಡಿಮೆ ಸಮನಾಗಿದ್ದ ನಿಸರ್ಗದ ಮತ್ತು ಕಟ್ಟಡಗಳ ಚಿತ್ರಗಳಲ್ಲಿ ನಿಸರ್ಗದ ಪಾಲು ಇಳಿದಿತ್ತು. 2007ರಲ್ಲಿ ಬ್ರಿಟನ್ನಿನ ಒಂದು ಮಕ್ಕಳ ನಿಘಂಟಿನಿಂದ ಮಿಂಚುಳ್ಳಿ, ನೀರುನಾಯಿಯಂಥ ಜೀವಿಗಳ ಹೆಸರು ಹೋಗಿ, ಬ್ಲಾಗ್, ಬ್ರಾಡ್‌ಬ್ಯಾಂಡ್ ಬಂದವು. ಮಕ್ಕಳು ಬಳಸುವ ಪದಗಳಿಗೇ ಜಾಗ ಕೊಟ್ಟಿದ್ದೇವೆ ಎಂಬ ಪ್ರಕಾಶಕರ ವಾದದಲ್ಲೂ ಅರ್ಥವಿತ್ತು. ಆದರೆ ಪದ ಕಾಣದ ಮಗು ಅದನ್ನು ಬಳಸುವುದು ಹೇಗೆ?

ಹಾಗೆ ಕಳೆದುಹೋದ ಪದಗಳನ್ನೇ ಹಿಡಿದು 2017ರಲ್ಲಿ ರಾಬರ್ಟ್ ಮ್ಯಾಕ್‌ಫರ್ಲೇನ್ ಮತ್ತು ಜಾಕಿ ಮಾರಿಸ್ ಪದ್ಯ, ಚಿತ್ರಗಳ ಪುಸ್ತಕ ಮಾಡಿದರು. ಓದುಗರೇ ಹಣ ಕೂಡಿಸಿ ಅದನ್ನು ಶಾಲೆಗಳಿಗೆ ಹಂಚಿದರು. ಕತೆಯೂ ಮಾಹಿತಿಯೂ ಬೆರೆತ ಚಿತ್ರಪುಸ್ತಕಗಳ ಕೊನೆಗೆ, ಇದರಲ್ಲಿ ನಿಜ ಎಷ್ಟು, ಕಲ್ಪಿಸಿದ್ದು ಎಷ್ಟು ಅಂತ ಲೇಖಕರು ತಿಳಿಸುವ ರೂಢಿಯೂ ಈಗ ಬೆಳೆದಿದೆ. 1903ರ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ. ಇಂಥ ಪುಸ್ತಕವನ್ನು ಕತೆಯೆಂದು ಎಣಿಸಬೇಕೋ, ಮಾಹಿತಿಯೆಂದೋ ಎಂಬ ತಕರಾರು ಮಾತ್ರ ಪಟ್ಟಿ ಮಾಡುವವರಲ್ಲಿ ಇನ್ನೂ ಮುಗಿದಿಲ್ಲ.