ಖಾನಾವಳಿ ಲೆಕ್ಕ, ಗ್ರೀಸ್ ಲೆಕ್ಕ

ಸೆಪ್ಟೆಂಬರ್ ಬಂತೆಂದರೆ ಹುಬ್ಬಳ್ಳಿಯ ನನ್ನ ಆಫೀಸಿನಲ್ಲಿ ಕೂರಲು ಜಾಗ ಇರುವುದಿಲ್ಲ. ತಿಂಗಳ ಕೊನೆಗೆ ಆಡಿಟ್ ರಿಪೋರ್ಟಿನ ಗಡುವು. ಕಿರ್ದಿ, ಖತಾವಣಿ, ಪಾಸ್‌ಬುಕ್ಕು ಹಿಡಿದು ಬಂದವರು ತಮ್ಮ ಪಾಳಿ ಬರುವ ತನಕ ದೇಶದ ಆಡಿಟ್ ಮಾಡುತ್ತಾರೆ. ವರ್ಷಾನುಗಟ್ಟಲೆ ಕೇಳಿ ನನಗೆ ಬಾಯಿಪಾಠ ಆಗಿರುವ ಮಾತು ಒಂದಿದೆ. "ಸಾಹೇಬ್ರ, ಮನಿ ನಡಿಸಿದಂಗ ದೇಶ ನಡಿಸ್ಬೇಕ್ರೀ. ಸಾಲ ಜಾಸ್ತಿ ಆತಂದ್ರ ಖರ್ಚು ಕಡಿದು ಬಿಡೂದು. ಅಷ್ಟ."

ಆ "ಅಷ್ಟ" ಅನ್ನುವುದೇ ನನ್ನ ತಲೆನೋವು.

ನಾನು ಅರ್ಥಶಾಸ್ತ್ರಜ್ಞನಲ್ಲ, ಸಿಎ. ಬ್ಯಾಲೆನ್ಸ್ ಶೀಟು ನೋಡಿ ಹೊಟ್ಟೆ ಹೊರೆಯುವವನು. ಆದರೆ ಈ ಮಾತಿನೊಳಗಿರುವ ತಪ್ಪು ನನ್ನಂಥವನಿಗೂ ಕಾಣುತ್ತದೆ. ಯಾಕೆಂದರೆ ಅದನ್ನು ನಾನೇ ಒಮ್ಮೆ ಮಾಡಿದ್ದೇನೆ.

ನನ್ನ ಗಿರಾಕಿಯೊಬ್ಬರದು ರೊಟ್ಟಿ ಖಾನಾವಳಿ. ಒಂಬತ್ತು ಲಕ್ಷ ಸಾಲ, ವರ್ಷಕ್ಕೆ ಹದಿನೈದು ಲಕ್ಷದ ವ್ಯಾಪಾರ. ಕಂತು ಕಟ್ಟಲು ಒದ್ದಾಡುತ್ತಿದ್ದರು. ನಾನು ಬಹಳ ಶಾಣ್ಯಾನಂತೆ ಖರ್ಚಿನ ಪಟ್ಟಿ ಮೇಲೆ ಕೆಂಪು ಪೆನ್ನು ಆಡಿಸಿದೆ. ರೊಟ್ಟಿ ಬಡಿಯುವ ಇಬ್ಬರಲ್ಲಿ ಒಬ್ಬಳನ್ನು ಬಿಡಿಸಿ. ಶೇಂಗಾ ಚಟ್ನಿ, ಮೊಸರು ಪುಕ್ಕಟೆ ಕೊಡಬೇಡಿ. ಎಣ್ಣೆಗಾಯಿ ವಾರಕ್ಕೆ ಎರಡೇ ಸಲ ಸಾಕು. ಮಾಲಕರು ಹೇಳಿದಂತೆ ಮಾಡಿದರು. ವರ್ಷ ಮುಗಿಯುವ ಹೊತ್ತಿಗೆ ಒಂದು ಲಕ್ಷ ಸಾಲ ತೀರಿಸಿದ್ದರು. ವ್ಯಾಪಾರ ಮಾತ್ರ ಹತ್ತು ಲಕ್ಷಕ್ಕೆ ಇಳಿದಿತ್ತು. ಬಿಸಿ ರೊಟ್ಟಿಗೆ ಕಾಲು ತಾಸು ಕಾಯುವ ಊಟಕ್ಕೆ ಯಾರು ಬರುತ್ತಾರೆ?

ಬ್ಯಾಂಕಿನವರು ನೋಡಿದ್ದು ಎರಡೇ ಅಂಕಿ. ಮೊದಲು ಹದಿನೈದಕ್ಕೆ ಒಂಬತ್ತು, ಅಂದರೆ ಶೇ 60. ಈಗ ಹತ್ತಕ್ಕೆ ಎಂಟು, ಅಂದರೆ ಶೇ 80. ಸಾಲದ ಲಿಮಿಟ್ ಹೆಚ್ಚಿಸಲು ಒಪ್ಪಲಿಲ್ಲ. "ಸಾಲ ತೀರಿಸಿದ್ದಕ್ಕ ಶಿಕ್ಷಾ ಏನ್ರೀ ಸಾಹೇಬ್ರ?" ಅಂತ ಮಾಲಕರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಡಿಸಿದ ಅಕ್ಕನನ್ನು ಮತ್ತೆ ಕರೆದರು. ಅಷ್ಟರಲ್ಲಿ ಆಕೆ ಎದುರಿನ ಖಾನಾವಳಿ ಸೇರಿಯಾಗಿತ್ತು.

ಸಾಲದ ಭಾರ ಅನ್ನುವುದು ಒಂದು ಭಿನ್ನರಾಶಿ. ಮೇಲೆ ಸಾಲ, ಕೆಳಗೆ ಗಳಿಕೆ. ನನ್ನ ಗಿರಾಕಿಗಳ ಕಣ್ಣು ಯಾವಾಗಲೂ ಮೇಲಿನ ಅಂಕಿಯ ಮೇಲೆ. ಕೆಳಗಿನದು ಕುಗ್ಗಿದರೂ ಭಾರ ಏರುತ್ತದೆ. ಇದೇ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಆಫೀಸಿನ ಹುಡುಗ ಕೂಡ ಚಹಾ ಕೊಡುತ್ತ "ಕೆಳಗಿಂದು ನೋಡ್ರೀ" ಅನ್ನುತ್ತಾನೆ.

ಈಗ ಗ್ರೀಸಿಗೆ ಬನ್ನಿ. 2009ರಲ್ಲಿ ಅದರ ಸಾಲ ಸುಮಾರು 30,000 ಕೋಟಿ ಯೂರೊ, ಜಿಡಿಪಿಯ, ಅಂದರೆ ಇಡೀ ದೇಶದ ಒಂದು ವರ್ಷದ ಗಳಿಕೆಯ, ಶೇ 127ರಷ್ಟು. ಕೊರತೆ, ಅಂದರೆ ಸರಕಾರ ಆ ವರ್ಷ ಆದಾಯಕ್ಕಿಂತ ಜಾಸ್ತಿ ಮಾಡಿದ ಖರ್ಚು, ಜಿಡಿಪಿಯ ಶೇ 15ನ್ನು ದಾಟಿತ್ತು. ಅವರು ಹಣ ಪೋಲು ಮಾಡಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಲೆಕ್ಕವನ್ನೂ ಮುಚ್ಚಿಟ್ಟಿದ್ದರು. 2010ರ ಮೇ ತಿಂಗಳಲ್ಲಿ ಯುರೋಪಿನ ದೇಶಗಳು ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸೇರಿ 11,000 ಕೋಟಿ ಯೂರೊ ಕೊಡಲು ಒಪ್ಪಿದವು. ಶರತ್ತು, ಕಡಿತ. ಪಗಾರ ಕಡಿತ, ಪಿಂಚಣಿ ಕಡಿತ, ತೆರಿಗೆ ಏರಿಕೆ. 2012ರ ಮಾರ್ಚಿನಲ್ಲಿ ಬಾಂಡ್ ಹಿಡಿದ, ಅಂದರೆ ಸರಕಾರಕ್ಕೆ ಸಾಲ ಕೊಟ್ಟಿದ್ದ, ಖಾಸಗಿಯವರು ಅಸಲಿನ ಅರ್ಧಕ್ಕಿಂತ ಜಾಸ್ತಿಯನ್ನೇ ಬಿಟ್ಟುಕೊಡಬೇಕಾಯಿತು. ನಮ್ಮ ಭಾಷೆಯಲ್ಲಿ ಅದು ಸುಸ್ತಿ. ದೊಡ್ಡವರ ಸುಸ್ತಿಗೆ 'ಹೇರ್‌ಕಟ್' ಅಂತ ಚಂದದ ಹೆಸರು ಇಡುತ್ತಾರೆ. ನಮ್ಮ ಅಡತಿ ಅಂಗಡಿಯವನು ಹಂಗೆ ಮಾಡಿದರೆ ದಿವಾಳಿ ಅನ್ನುತ್ತೇವೆ.

ಇಷ್ಟೆಲ್ಲ ಆದ ಮೇಲೆ, 2014ರಲ್ಲಿ ಸಾಲ ಎಷ್ಟು? ಸುಮಾರು 32,000 ಕೋಟಿ ಯೂರೊ. ನೆರವೂ ಸಾಲವೇ ಆಗಿದ್ದರಿಂದ ಮೇಲಿನ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಕೆಳಗಿನದು? ಜಿಡಿಪಿ ಸುಮಾರು 23,800 ಕೋಟಿಯಿಂದ 17,800 ಕೋಟಿಗೆ ಇಳಿದಿತ್ತು. ಭಾರ ಶೇ 127ರಿಂದ ಶೇ 180ಕ್ಕೆ ಏರಿತು. ನಡುವೆ 2013ರಲ್ಲಿ ನಿರುದ್ಯೋಗ ಶೇ 27 ದಾಟಿತ್ತು. 2015ರ ಜೂನ್ 30ಕ್ಕೆ ಐಎಂಎಫ್ ಕಂತು ತಪ್ಪಿತು. ಬ್ಯಾಂಕು ಮುಚ್ಚಿ, ಎಟಿಎಂನಿಂದ ದಿನಕ್ಕೆ 60 ಯೂರೊ ಮಾತ್ರ ತೆಗೆಯಬೇಕು ಅಂತಾಯಿತು.

ಖಾನಾವಳಿಗಿಂತ ದೇಶದ ಕಥೆ ಒಂದು ಹೆಜ್ಜೆ ಕೆಟ್ಟದ್ದು. ರೊಟ್ಟಿ ಬಡಿಯುವ ಅಕ್ಕನಿಗೆ ಎದುರಿನ ಖಾನಾವಳಿ ಇತ್ತು. ಇಡೀ ದೇಶವೇ ಒಂದೇ ಸಲ ಕೈ ಬಿಗಿ ಹಿಡಿದರೆ ಎದುರಿನ ಖಾನಾವಳಿಯೂ ಆಳು ಬಿಡಿಸುತ್ತಿರುತ್ತದೆ. ಬಿಡಿಸಿಕೊಂಡ ಆಳುಗಳೇ ಊಟಕ್ಕೆ ಬರುವ ಗಿರಾಕಿಗಳು. ಬ್ಯಾಡಗಿ ಕಡೆ ಮೆಣಸಿನಕಾಯಿ ಕೈಕೊಟ್ಟ ವರ್ಷ ಹಾವೇರಿಯ ಬಂಗಾರದ ಅಂಗಡಿ, ಹುಬ್ಬಳ್ಳಿಯ ಟ್ರ್ಯಾಕ್ಟರ್ ಶೋರೂಮು ಹೇಗೆ ಭಣಭಣ ಅನ್ನುತ್ತವೆ ಅಂತ ನಮ್ಮವರಿಗೆ ಹೇಳಿಕೊಡಬೇಕಾ? ಆಗ ಎಲ್ಲರಿಗೂ ಅರ್ಥವಾಗುತ್ತದೆ. 'ಸರಕಾರ' ಅಂದ ಕೂಡಲೇ ಮರೆತುಹೋಗುತ್ತದೆ.

ಐಎಂಎಫ್ ಕೂಡ ಇದರಲ್ಲಿ ಎಡವಿತ್ತು. ಒಂದು ಯೂರೊ ಕಡಿತಕ್ಕೆ ಆರ್ಥಿಕತೆ ಅರ್ಧ ಯೂರೊದಷ್ಟು ಕುಗ್ಗಬಹುದು ಅನ್ನುವುದು ಆ ವರ್ಷಗಳ ಅಂದಾಜು. 2012ರ ಅಕ್ಟೋಬರ್‌ನಲ್ಲಿ ಅದರದೇ ವರದಿ, ನಿಜವಾಗಿ ಕುಗ್ಗಿದ್ದು 0.9ರಿಂದ 1.7ರಷ್ಟು ಇರಬಹುದು ಅಂತ ಹೇಳಿತು. ನನ್ನ ಕೆಂಪು ಪೆನ್ನಿಗೆ ಒಂದಿಷ್ಟು ಸಮಾಧಾನ.

ಹಾಗಂತ "ಖರ್ಚು ಮಾಡುತ್ತ ಹೋಗಿ, ಏನೂ ಆಗೋದಿಲ್ಲ" ಅಂತ ನಾನು ಬರೆದೆ ಅಂದುಕೊಳ್ಳಬೇಡಿ. ಗ್ರೀಸಿಗೆ 2010ರಲ್ಲಿ ಹೊರಗೆ ಸಾಲ ಹುಟ್ಟುತ್ತಿರಲಿಲ್ಲ. ಕಡಿತ ಬೇಡ ಅಂದಿದ್ದರೆ ಪಗಾರ ಯಾರು ಕೊಡುತ್ತಿದ್ದರು? 2020ರಲ್ಲಿ ಶೇ 200 ದಾಟಿದ್ದ ಭಾರ 2024ಕ್ಕೆ ಶೇ 154ರ ಹತ್ತಿರ ಇಳಿದಿದೆ. ಕಡಿತದ ಪರ ಇರುವವರು ಇದು ಶಿಸ್ತಿನ ಫಲ ಅನ್ನುತ್ತಾರೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಬೆಳವಣಿಗೆ, ಬೆಲೆಯೇರಿಕೆ ಎರಡೂ ಸೇರಿ ಕೆಳಗಿನ ಅಂಕಿಯನ್ನು ಉಬ್ಬಿಸಿದ್ದೂ ಕಾರಣ ಅಂತ ನಾನು ಸೇರಿಸುತ್ತೇನೆ. ಎಷ್ಟು ಕಡಿಯಬೇಕು, ಎಷ್ಟು ಬೇಗ, ಯಾರದ್ದು ಅನ್ನುವುದರಲ್ಲೇ ಜಗಳ ಇರುವುದು.

"ನಾವೂ ಶ್ರೀಲಂಕಾ ಆಗ್ತೀವ್ರೀ" ಅನ್ನುವವರಿಗೆ ಚಿಕ್ಕದಾಗಿ ಹೇಳುತ್ತೇನೆ. 2022ರ ಏಪ್ರಿಲ್ 12ರಂದು ಆ ದೇಶ ಹೊರಗಿನ ಸಾಲ ಕಟ್ಟುವುದನ್ನು ನಿಲ್ಲಿಸಿದ್ದು ಡಾಲರ್ ಖಾಲಿಯಾಗಿದ್ದಕ್ಕೆ. ಡಾಲರನ್ನು ಕೊಲಂಬೊದಲ್ಲಿ ಅಚ್ಚು ಹಾಕಲು ಬರುವುದಿಲ್ಲ. ಅಲ್ಲಿ ಬಿಗಿ ಮಾಡದೆ ದಾರಿಯೇ ಇರಲಿಲ್ಲ. 2019ರ ಕೊನೆಗೆ ವ್ಯಾಟನ್ನು ಶೇ 15ರಿಂದ 8ಕ್ಕೆ ಇಳಿಸಿ ಜನರಿಂದ ಚಪ್ಪಾಳೆ ಗಿಟ್ಟಿಸಿದ್ದರು ಅನ್ನುವುದನ್ನು ಮಾತ್ರ ನನ್ನ ಗಿರಾಕಿಗಳು ಎಂದೂ ಹೇಳುವುದಿಲ್ಲ. ಅವರಿಗೆ ತೆರಿಗೆ ಇಳಿದರೆ ಸಾಕು. ನಮ್ಮ ಕೇಂದ್ರ ಸರಕಾರದ ಸಾಲ ಬಹುಪಾಲು ರೂಪಾಯಿಯಲ್ಲೇ ಇದೆ, ದೇಶದ ಒಳಗಿನವರಿಗೇ ಕೊಡಬೇಕಾದದ್ದು. ಡಾಲರಿನ ಬಿಸಿ ನಮಗೂ ಗೊತ್ತಿಲ್ಲದ್ದಲ್ಲ. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಬಂಗಾರ ಹೊರದೇಶದಲ್ಲಿ ಒತ್ತೆ ಬಿತ್ತು. ಆದರೂ ಕಂತು ತಪ್ಪಿಸಲಿಲ್ಲ. ಇನ್ನು ರಾಜ್ಯಗಳ ಸಾಲದ್ದು ಬೇರೆಯೇ ಲೆಕ್ಕ, ರಾಜ್ಯ ನೋಟು ಹಾಕುವಂತಿಲ್ಲ. ಆ ಚರ್ಚೆ ಶುರುವಾದರೆ ನನ್ನ ಆಫೀಸಿನಲ್ಲಿ ಕುರ್ಚಿ ಮುರಿಯುತ್ತವೆ. ಬಿಡಿ.

"ಮನಿ ನಡಿಸಿದಂಗ" ಅನ್ನುವವರಲ್ಲಿ ಎಲ್ಲರಿಗಿಂತ ಜೋರಾದ ದನಿ ಧಾರವಾಡದ ಸುಭಾಸ ರಸ್ತೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ಸಾವಕಾರರದ್ದು. ಬಹಳ ಒಳ್ಳೆಯ ಮನುಷ್ಯ, ನನ್ನ ಮಗಳ ಮದುವೆ ಸೀರೆ ಅವರ ಅಂಗಡಿಯದೇ. ಅವರ ಕಿರ್ದಿ ತೆಗೆದರೆ ತಿಂಗಳ ಮೊದಲ ವಾರ ತುಂಬಿರುತ್ತದೆ, ಮೂರನೇ ವಾರ ಉಪವಾಸ. ಯೂನಿವರ್ಸಿಟಿ, ಶಾಲೆ ಮಾಸ್ತರರು, ಸಾರಿಗೆ ಸಂಸ್ಥೆ, ಹುಬ್ಬಳ್ಳಿಯ ರೈಲ್ವೆ, ಇವರೆಲ್ಲರ ಪಗಾರದ ವಾರ ಅದು. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗದ ಹೊಸ ಪಗಾರ ಜಾರಿಯಾಯಿತಲ್ಲ, ಆ ದಸರಾಕ್ಕೆ ಸಾವಕಾರರು ಸೂರತ್ತಿನಿಂದ ಎಂದಿಗಿಂತ ಜಾಸ್ತಿ ಮಾಲು ತರಿಸಿದ್ದರು. ಅಷ್ಟೂ ಖಾಲಿಯಾಯಿತು. ಮುಂದಿನ ವರ್ಷ ಆ ಲಾಭದ ರಿಟರ್ನ್ ಮುಂದಿಟ್ಟಾಗ ಕನ್ನಡಕ ಏರಿಸಿಕೊಂಡರು. "ಬರೇ ಪಗಾರಕ್ಕ ದುಡ್ಡು ಹಾಳ ಮಾಡ್ತಾರ್ರೀ ಸರಕಾರದವರು" ಅಂದರು. ಆಮೇಲೆ ಪೆನ್ನು ಕೇಳಿ ಸಹಿ ಹಾಕಿದರು.