ರೆಮಿನಿಸೆನ್ಸ್ ಬಂಪ್: ಹದಿನಾಲ್ಕಕ್ಕೆ ಕೇಳಿದ ಹಾಡು

ಅರವತ್ತು ದಾಟಿದ ಯಾರನ್ನಾದರೂ ಕೂರಿಸಿಕೊಂಡು ಒಂದೊಂದೇ ಪದ ಹೇಳುತ್ತಾ ಹೋಗಿ. ಮಳೆ, ಬಸ್ಸು, ಜಾತ್ರೆ, ಕಿಟಕಿ. ಪದ ಕೇಳಿದ ತಕ್ಷಣ ತಲೆಗೆ ಬಂದ ನೆನಪು ಯಾವುದು, ಆಗ ವಯಸ್ಸೆಷ್ಟು ಅಂತ ಬರೆದುಕೊಳ್ಳಿ. ಒಂದಿಷ್ಟು ನೆನಪುಗಳು ಸೇರಿದ ಮೇಲೆ ಲೆಕ್ಕ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲ ಮೂರ್ನಾಲ್ಕು ವರ್ಷದ್ದು ಹೆಚ್ಚುಕಡಿಮೆ ಖಾಲಿ. ಇತ್ತೀಚಿನ ಕೆಲವು ವರ್ಷದ್ದು ಬೇಕಾದಷ್ಟಿರುತ್ತದೆ, ಅದು ಸರಿಯೇ. ಆದರೆ ಅಲ್ಲಿಂದ ಹಿಂದಕ್ಕೆ ಹೋದ ಹಾಗೆ ನೆನಪು ಕಡಿಮೆಯಾಗುತ್ತಲೇ ಹೋಗಬೇಕಿತ್ತು, ಅಲ್ವಾ? ಹಾಗಾಗುವುದಿಲ್ಲ. ಹತ್ತರಿಂದ ಮೂವತ್ತು ವಯಸ್ಸಿನ ನಡುವೆ ನೆನಪುಗಳು ಮತ್ತೆ ರಾಶಿ ಬಿದ್ದಿರುತ್ತವೆ. ಗ್ರಾಫ್ ಬರೆದರೆ ಅಲ್ಲೊಂದು ಕಡೆ ರಸ್ತೆಯ ಹಂಪಿನ ಹಾಗೆ ಉಬ್ಬಿಕೊಂಡಿರುತ್ತದೆ.

ಮನಶ್ಶಾಸ್ತ್ರದವರು ಇದಕ್ಕೆ ಇಟ್ಟ ಹೆಸರು ರೆಮಿನಿಸೆನ್ಸ್ ಬಂಪ್. ಕನ್ನಡದಲ್ಲಿ ನೆನಪಿನ ಉಬ್ಬು ಎನ್ನಬಹುದು. ಪದ ಕೊಟ್ಟು ನೆನಪು ಕೇಳುವ ವಿಧಾನ ಹಳೆಯದು, 1879ರಲ್ಲೇ ಫ್ರಾನ್ಸಿಸ್ ಗಾಲ್ಟನ್ ತನ್ನ ಮೇಲೆ ತಾನೇ ಪ್ರಯೋಗಿಸಿಕೊಂಡಿದ್ದ. ಆದರೆ ಈ ಉಬ್ಬನ್ನು ಎತ್ತಿ ತೋರಿಸಿದ್ದು 1986ರಲ್ಲಿ, ಅಮೆರಿಕದ ಡೇವಿಡ್ ರೂಬಿನ್ ಮತ್ತು ಜೊತೆಗಾರರು. ಆಮೇಲೆ ಜಪಾನ್, ಚೀನಾ, ಬಾಂಗ್ಲಾದೇಶ, ಇಂಗ್ಲೆಂಡ್, ಎಲ್ಲಿ ಹುಡುಕಿದರೂ ಅದು ಸಿಕ್ಕಿದೆ.

ಹಾಡಿನ ವಿಷಯಕ್ಕೆ ಬಂದರೆ ಈ ಉಬ್ಬು ಇನ್ನೂ ಸ್ವಲ್ಪ ಮೊದಲೇ ತುದಿ ಮುಟ್ಟುತ್ತದೆ. ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಕೆಲ್ಲಿ ಜಾಕುಬೋವ್‌ಸ್ಕಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡಿಗೆ ಅಂಟಿಕೊಂಡ ನೆನಪುಗಳು ಅತಿ ಹೆಚ್ಚು ಸಿಕ್ಕಿದ್ದು ಸುಮಾರು 14ನೇ ವಯಸ್ಸಿನ ಆಸುಪಾಸಿನಲ್ಲಿ. ಹೈಸ್ಕೂಲಿನ ವಯಸ್ಸು. ಮೀಸೆ ಇನ್ನೂ ಬಂದಿರುವುದಿಲ್ಲ, ಬಂದಿದೆ ಅಂತ ನಾವೇ ನಂಬಿಕೊಂಡಿರುತ್ತೇವೆ.

ಈ ಲೆಕ್ಕವನ್ನು ನಮ್ಮ ಕೋಲಾರದ ಕಡೆಗೆ ತಂದು ನೋಡೋಣ. 1958ರಲ್ಲಿ ಹುಟ್ಟಿದವರಿಗೆ ಹದಿನಾಲ್ಕು ತುಂಬಿದ್ದು 1972ರಲ್ಲಿ. ಅದು 'ಬಂಗಾರದ ಮನುಷ್ಯ' ಮತ್ತು 'ನಾಗರಹಾವು' ಬಂದ ವರ್ಷ. 1973ರಲ್ಲಿ ಹುಟ್ಟಿದವರಿಗೆ ಹದಿನಾಲ್ಕಾಗುವ ಹೊತ್ತಿಗೆ 1987, ಅಂದರೆ ಹಂಸಲೇಖ ಅವರ 'ಪ್ರೇಮಲೋಕ'. 1992ರವರಿಗೆ 2006ರ ಕೊನೆಗೆ 'ಮುಂಗಾರು ಮಳೆ'. ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಕೂತವರ ನಡುವೆ ಹಾಡಿನ ಮಾತು ಬಂದಾಗ ಗಮನಿಸಿ. ಯಾರು ಯಾವ ಸಿನಿಮಾ ಹೆಸರು ತೆಗೆಯುತ್ತಾರೆ ಅನ್ನುವುದರಿಂದಲೇ ಹುಟ್ಟಿದ ವರ್ಷವನ್ನು ಎರಡು-ಮೂರು ವರ್ಷ ಆಚೀಚೆ ಹೇಳಿಬಿಡಬಹುದು.

ನಮ್ಮ ಮನೆಯಲ್ಲಿ ಇದರ ದೊಡ್ಡ ಉದಾಹರಣೆ ಅಣ್ಣಾವ್ರ ಜಗಳ. 1974ರ 'ಸಂಪತ್ತಿಗೆ ಸವಾಲ್' ತನಕ ತೆರೆಯ ಮೇಲೆ ರಾಜ್‌ಕುಮಾರ್ ಬಾಯಾಡಿಸಿದರೆ ಕೇಳಿಸುತ್ತಿದ್ದದ್ದು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಕಂಠ. ಆಮೇಲೆ ಅಣ್ಣಾವ್ರು ತಾವೇ ಹಾಡತೊಡಗಿದರು. ನನ್ನ ದೊಡ್ಡ ಸೋದರಮಾವ 1950ರವರು. ಚಿಕ್ಕ ಮಾವ 1961ರವರು. ದೊಡ್ಡವರಿಗೆ ಪಿಬಿಎಸ್ ಹಾಡಿದ್ದೇ ರಾಜ್‌ಕುಮಾರ್ ಹಾಡು. ಚಿಕ್ಕವರು ಒಪ್ಪುವುದೇ ಇಲ್ಲ. 'ಅಣ್ಣಯ್ಯಾ, ಅವರ ಮೈಗೆ ಅವರದೇ ದನಿ ಸೇರಿದ್ದು ಆಮೇಲಲ್ವಾ?' ಅನ್ನುತ್ತಾರೆ. 'ಹೋಗೋ, ನಿಂಗೇನ್ ಗೊತ್ತು, ಪಿಬಿಎಸ್ ಹಾಡ್ತಾ ಇದ್ದಾಗ ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೆ' ಅಂತ ಉತ್ತರ. ಇಬ್ಬರೂ ಸಂಗೀತದ ಬಗ್ಗೆ ವಾದ ಮಾಡುತ್ತಿದ್ದೇವೆ ಅಂದುಕೊಂಡಿದ್ದಾರೆ. ಜಗಳ ಇರುವುದು ಹನ್ನೊಂದು ವರ್ಷದ ಅಂತರದಲ್ಲಿ.

ಯಾಕೆ ಆ ವಯಸ್ಸಿಗೇ ಹೀಗೆ? ಒಂದೇ ಉತ್ತರವನ್ನು ಎಲ್ಲರೂ ಒಪ್ಪಿಲ್ಲ. ಕೆಲವರು ಹೇಳುವುದು, ಆ ವಯಸ್ಸಿನಲ್ಲಿ ಮಿದುಳು ಚುರುಕಾಗಿರುತ್ತದೆ, ಬಿದ್ದದ್ದೆಲ್ಲ ಅಚ್ಚಾಗುತ್ತದೆ ಅಂತ. ಇನ್ನು ಕೆಲವರ ಪ್ರಕಾರ ಅದು ಮೊದಲುಗಳ ಕಾಲ. ಮೊದಲ ಸಲ ಒಬ್ಬರೇ ಬೆಂಗಳೂರಿಗೆ ಹೋಗಿದ್ದು, ಮೊದಲ ಸಂಬಳ, ಯಾರನ್ನೋ ಮೊದಲ ಸಲ ತಿರುಗಿ ನೋಡಿದ್ದು. ಮೂವತ್ತರ ನಂತರ ದಿನಗಳೆಲ್ಲ ಒಂದೇ ಥರ ಆಗುವುದರಿಂದ ಒಂದನ್ನೊಂದು ಅಳಿಸಿಕೊಂಡು ಹೋಗುತ್ತವೆ. ಮೂರನೆಯ ವಾದ, ನಾನು ಯಾರು ಅಂತ ಗಟ್ಟಿಯಾಗುವ ವಯಸ್ಸು ಅದು, ಆಗ ಹತ್ತಿರ ಬಂದದ್ದೆಲ್ಲ ನಮ್ಮದೇ ಭಾಗವಾಗಿ ಉಳಿಯುತ್ತದೆ ಎನ್ನುವುದು. ಡಾರ್ಟೆ ಬರ್ನ್ಟ್‌ಸೆನ್ ಮತ್ತು ರೂಬಿನ್ ಇನ್ನೊಂದು ಮಾತು ಸೇರಿಸಿದರು. ಓದು, ಕೆಲಸ, ಮದುವೆ, ಮಗು ಇವೆಲ್ಲ ಯಾವ ವಯಸ್ಸಿಗೆ ಆಗಬೇಕು ಅಂತ ಸಮಾಜವೇ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ನಾವು ನೆನಪು ಹುಡುಕುವಾಗ ಆ ಪಟ್ಟಿಯನ್ನು ಹಿಡಿದೇ ಹುಡುಕುತ್ತೇವೆ ಅಂತ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಮೊದಲುಗಳ ವಾದ. ಅದಕ್ಕೆ ಕಾರಣ ವಲಸೆ ಹೋದವರ ಮೇಲೆ ನಡೆದ ಒಂದು ಅಧ್ಯಯನ. ರಾಬರ್ಟ್ ಶ್ರಾಫ್ ಮತ್ತು ರೂಬಿನ್ ಸ್ಪ್ಯಾನಿಷ್ ಮಾತಾಡುವ ಕೆಲವು ವೃದ್ಧರನ್ನು ಮಾತಾಡಿಸಿದರು. ಅವರು ಬೇರೆ ಬೇರೆ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದ್ದವರು. ಮೂವತ್ತು ದಾಟಿದ ಮೇಲೆ ಊರು ಬಿಟ್ಟವರಲ್ಲಿ ನೆನಪಿನ ಉಬ್ಬು ಊರು ಬಿಟ್ಟ ವರ್ಷಗಳ ಕಡೆಗೆ ಸರಿದಿತ್ತು. ಅಂದರೆ ಬರೀ ವಯಸ್ಸಷ್ಟೇ ಕೆಲಸ ಮಾಡುತ್ತಿಲ್ಲ. ಬದುಕು ತಿರುವು ತೆಗೆದುಕೊಂಡ ಕಡೆ ನೆನಪು ಗುಡ್ಡೆಯಾಗುತ್ತದೆ. ಬಾಂಗ್ಲಾದೇಶದ ಹಿರಿಯರಲ್ಲಂತೂ ಎರಡು ಉಬ್ಬು ಸಿಕ್ಕಿದ್ದವು. ಎಲ್ಲರಿಗೂ ಇರುವುದು ಒಂದು, 1971ರ ವಿಮೋಚನೆಯ ಹೋರಾಟದ ಸುತ್ತ ಇನ್ನೊಂದು. ನಮ್ಮ ಕೆಜಿಎಫ್‌ನಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿನ ಹಳೆ ಕಾರ್ಮಿಕರನ್ನು ಯಾರಾದರೂ ಹೀಗೆ ಕೂರಿಸಿಕೊಂಡು ಕೇಳಿದರೆ ಆ ವರ್ಷದ ಸುತ್ತ ಇನ್ನೊಂದು ಉಬ್ಬು ಸಿಗಬಹುದು ಅಂತ ನನ್ನ ಊಹೆ.

ನಮ್ಮ ಕಡೆಯ ಹೆಂಗಸರಿಗೆ ಮದುವೆಯೇ ಊರು ಬಿಡುವುದು. ನನ್ನ ಅತ್ತೆ ಮುಳಬಾಗಿಲಿನ ಗಡಿ ಹಳ್ಳಿಯವರು. ಮನೆಮಾತು ತೆಲುಗು, ಇಸ್ಕೂಲು ಕನ್ನಡ. ಮಾಲೂರಿನ ಕಡೆಗೆ ಮದುವೆಯಾಗಿ ಬಂದರು. ಅವರಿಗೆ ಘಂಟಸಾಲ ಹಾಡು ಅಂದರೆ ತವರು, ಅಕ್ಕತಂಗಿಯರು, ಕಡಲೆಕಾಯಿ ಬಿಡಿಸುತ್ತಾ ಕೂತ ಜಗುಲಿ. ಕನ್ನಡ ಹಾಡು ಅಂದರೆ ಅತ್ತೆಮನೆ, ಅಡುಗೆಮನೆಯ ಗೂಡಿನಲ್ಲಿದ್ದ ಮರ್ಫಿ ರೇಡಿಯೋ, ಅದರ ಕಿವಿ ತಿರುಗಿಸಲು ಮಾವನವರಿಗೆ ಮಾತ್ರ ಇದ್ದ ಹಕ್ಕು. ಕೋಲಾರ ಜಿಲ್ಲೆಯಲ್ಲಿ ಈ ಉಬ್ಬು ಒಂದೇ ಭಾಷೆಯಲ್ಲಿ ಇರುವುದು ಕಡಿಮೆ. ಕೆಜಿಎಫ್ ಕಡೆ ತಮಿಳು, ಆಂಧ್ರದ ಗಡಿಗೆ ತೆಲುಗು, ಎಲ್ಲ ಕಡೆ ಕನ್ನಡ. ಇವುಗಳ ಮೇಲೆ ರೇಡಿಯೋದಿಂದ ಹಿಂದಿ. 1952ರಿಂದ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಬರುತ್ತಿತ್ತು. ಆಕಾಶವಾಣಿ ಆಗ ಸಿನಿಮಾ ಹಾಡನ್ನು ದೂರ ಇಟ್ಟಿತ್ತು. ವಿವಿಧ ಭಾರತಿ ಶುರುವಾಗಿದ್ದು 1957ರಲ್ಲಿ.

ಇಲ್ಲೊಂದು ತೊಡಕಿದೆ. ಅಮೆರಿಕದವರು ಇಂಥ ಅಧ್ಯಯನಕ್ಕೆ ಬಿಲ್‌ಬೋರ್ಡ್ ಪಟ್ಟಿ ಇಟ್ಟುಕೊಳ್ಳುತ್ತಾರೆ. ಯಾವ ಹಾಡು ಯಾವ ವರ್ಷ ಜನಪ್ರಿಯ ಅಂತ ಅದರಲ್ಲೇ ಇರುತ್ತದೆ. ನಮ್ಮ ಹಳ್ಳಿಗಳಿಗೆ ಆ ಲೆಕ್ಕ ಒಗ್ಗುವುದಿಲ್ಲ. ಬೆಂಗಳೂರಿನಲ್ಲಿ ಬಿಡುಗಡೆಯಾದ ಸಿನಿಮಾ ನಮ್ಮ ಟೆಂಟಿಗೆ ಬರುವ ಹೊತ್ತಿಗೆ ರೀಲು ಸವೆದು ತೆರೆಯ ಮೇಲೆ ಮಳೆ ಸುರಿಯುತ್ತಿರುತ್ತಿತ್ತು. ಎಷ್ಟೋ ಹಳೆಯ ಚಿತ್ರಗಳು ಮತ್ತೆ ಮತ್ತೆ ಬರುತ್ತಿದ್ದವು. ಟೆಂಟಿನಲ್ಲಿ ಘಂಟಸಾಲ ಅವರ 'ನಮೋ ವೆಂಕಟೇಶ' ಹಾಕಿದರೆ ಇನ್ನೇನು ಆಟ ಶುರು ಅಂತ ಅರ್ಥ, ಊರಾಚೆ ಇದ್ದವರೂ ಓಡಿ ಬರುತ್ತಿದ್ದರು. ಮದುವೆ ಮನೆಯ ಮೈಕ್ ಸೆಟ್‌ನವನ ಹತ್ತಿರ ಇದ್ದ ಪ್ಲೇಟುಗಳೂ ಅಷ್ಟೇ. ಹೊಸದು ನಾಲ್ಕು, ಹಳೆಯದು ಪೆಟ್ಟಿಗೆ ತುಂಬ. ಹಾಗಾಗಿ ನಮ್ಮಲ್ಲಿ ಹಾಡು ಹುಟ್ಟಿದ ವರ್ಷಕ್ಕಿಂತ ಕಿವಿಗೆ ಬಿದ್ದ ವರ್ಷವನ್ನು ಕೇಳಬೇಕು.

ಹಾಡಿನ ಪುಸ್ತಕ ಅಂತ ಒಂದಿತ್ತು, ಅದರ ಬಗ್ಗೆ ಎರಡು ಮಾತು ಹೇಳಲೇಬೇಕು. ಸಿನಿಮಾ ಟೆಂಟಿನ ಬಾಗಿಲಲ್ಲಿ ಪುಡಿಗಾಸಿಗೆ ಮಾರುತ್ತಿದ್ದ ತೆಳ್ಳನೆಯ ಪುಸ್ತಕ. ಮೇಲೆ ನಾಯಕ ನಾಯಕಿಯರ ಚಿತ್ರ, ಬಣ್ಣ ಗೆರೆ ದಾಟಿ ಹರಡಿರುತ್ತಿತ್ತು. ಒಳಗೆ ಅರ್ಧ ಕಥೆ, ಕೊನೆಗೆ 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ' ಅನ್ನುವ ಸಾಲು. ಆಮೇಲೆ ಎಲ್ಲ ಹಾಡುಗಳ ಸಾಹಿತ್ಯ, ಮುದ್ರಣದ ತಪ್ಪುಗಳ ಸಮೇತ. ದೊಡ್ಡ ಮಾವ ಅಂಥ ಪುಸ್ತಕಗಳನ್ನು ದಬ್ಬಣದಲ್ಲಿ ಚುಚ್ಚಿ ದಾರ ಹಾಕಿ ಹೊಲಿದು ಇಟ್ಟುಕೊಂಡಿದ್ದಾರೆ. ಅವರು ಇವತ್ತಿಗೂ ಎರಡನೇ ಚರಣವನ್ನು ತಪ್ಪಿಲ್ಲದೆ ಹಾಡುತ್ತಾರೆ. ನನಗೆ ಪಲ್ಲವಿ ಬಿಟ್ಟು ಮುಂದೆ ಬರುವುದಿಲ್ಲ. ಕೇಳಿ ಕಲಿತದ್ದನ್ನೇ ಓದಿ, ಮತ್ತೆ ಹಾಡಿ, ಗೆಳೆಯನಿಗೆ ಬರೆದುಕೊಟ್ಟರೆ ನೆನಪು ಗಟ್ಟಿಯಾಗದೆ ಇನ್ನೇನಾಗುತ್ತದೆ? ಉಬ್ಬಿನ ಬಗ್ಗೆ ಬರೆಯುವವರು ವಯಸ್ಸಿನ ಬಗ್ಗೆ ಹೇಳಿದಷ್ಟು ಈ ಅಭ್ಯಾಸದ ಬಗ್ಗೆ ಹೇಳುವುದಿಲ್ಲ ಅನ್ನುವುದು ನನ್ನ ತಕರಾರು.

'ಆಗಿನ ಹಾಡೇ ಹಾಡು, ಈಗಿನದು ಬರೀ ಗಲಾಟೆ' ಅನ್ನುವ ಮಾತಿಗೆ ನೆನಪಿನ ಉಬ್ಬು ಎನ್ನುವ ಈ ಪದ ಏನು ಹೇಳುತ್ತದೆ? ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ. 1989ರಲ್ಲಿ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ 16ರಿಂದ 86 ವಯಸ್ಸಿನ 108 ಜನರಿಗೆ ಬೇರೆ ಬೇರೆ ಕಾಲದ 28 ಹಾಡಿನ ತುಣುಕು ಕೇಳಿಸಿದರು. ಜನ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು 24 ವಯಸ್ಸಾಗಿದ್ದಾಗ ಬಂದ ಹಾಡನ್ನು. ಒಂದೊಂದು ತಲೆಮಾರಿಗೂ ತನ್ನದೇ ಒಳ್ಳೆಯ ಕಾಲ. 2020ರ ಅಧ್ಯಯನ ಇದನ್ನು ಇನ್ನಷ್ಟು ಗೋಜಲು ಮಾಡಿತು. ಅಲ್ಲಿ ನೆನಪು ಮತ್ತು ಮೆಚ್ಚುಗೆ ಜೊತೆಜೊತೆಯಾಗಿ ಹೋಗಲಿಲ್ಲ. ಅಷ್ಟೇನೂ ಇಷ್ಟವಿಲ್ಲದ ಹಾಡೂ ಹದಿಹರೆಯದ್ದಾದರೆ ನೆನಪನ್ನು ಎಳೆದು ತರುತ್ತದೆ. ನನಗಿದು ನಿಜ ಅನ್ನಿಸುತ್ತದೆ. ಪಕ್ಕದ ಟೀ ಅಂಗಡಿಯವನು ದಿನವಿಡೀ ಹಾಕಿ ತಲೆ ತಿನ್ನುತ್ತಿದ್ದ ಒಂದು ಕ್ಯಾಸೆಟ್ ಇತ್ತು. ಅದರ ಹಾಡು ಈಗ ಬಸ್ಸಿನಲ್ಲಿ ಬಂದರೆ ಬೈದುಕೊಳ್ಳುತ್ತಲೇ ಪೂರ್ತಿ ಗುನುಗುತ್ತೇನೆ.

ಇನ್ನೊಂದು ಅಧ್ಯಯನ 2013ರದ್ದು, ಕ್ಯಾರಲ್ ಕ್ರುಮ್‌ಹಾನ್ಸ್ಲ್ ಮತ್ತು ಜಸ್ಟಿನ್ ಜುಪ್ನಿಕ್ ಮಾಡಿದ್ದು. ಸುಮಾರು ಇಪ್ಪತ್ತು ವಯಸ್ಸಿನ ಹುಡುಗ ಹುಡುಗಿಯರಿಗೆ 1955ರಿಂದ 2009ರ ತನಕದ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ಅವರದೇ ಕಾಲದ ಹಾಡಿಗೆ ನೆನಪು ಬಂದದ್ದು ಸರಿ. ಆದರೆ 1980ರ ದಶಕದ ಮೊದಲ ವರ್ಷಗಳ ಹಾಡಿಗೂ ಒಂದು ಉಬ್ಬು ಕಾಣಿಸಿತು. ಅದು ಅವರ ಅಪ್ಪ ಅಮ್ಮ ಹರೆಯದಲ್ಲಿದ್ದ ಕಾಲ. 1960ರ ದಶಕಕ್ಕೆ ಇನ್ನೊಂದು ಸಣ್ಣ ಉಬ್ಬು, ಬಹುಶಃ ಅಜ್ಜ ಅಜ್ಜಿಯರದು. ಮನೆಯಲ್ಲಿ, ಕಾರಿನಲ್ಲಿ ದೊಡ್ಡವರು ಹಾಕಿದ ಹಾಡು ಮಕ್ಕಳ ಕಿವಿಗೂ ಬಿದ್ದು ಉಳಿದುಬಿಡುತ್ತದೆ. ನಮ್ಮ ಅಕ್ಕನ ಮಗಳು ಕಾಲೇಜು ಹುಡುಗಿ. ಪ್ರೇಮಲೋಕದ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಎಲ್ಲಿ ಕಲಿತೆ ಅಂದರೆ, 'ಅಮ್ಮ ಚಪಾತಿ ಲಟ್ಟಿಸೋವಾಗ ಹಾಕ್ತಾರಲ್ಲ' ಅಂದಳು.

ಈ ಪದ ತಿಳಿದಿದ್ದರೆ ಕೆಲಸಕ್ಕೆ ಬರುವುದು ಮರೆವಿನ ಕಾಯಿಲೆ ಇರುವ ಹಿರಿಯರನ್ನು ನೋಡಿಕೊಳ್ಳುವಾಗ. ಅಲ್ಜೈಮರ್ ಇರುವ ಎಷ್ಟೋ ಜನರಲ್ಲಿ ಹೆಸರು, ಮುಖ ಮರೆತ ಮೇಲೂ ಬಹಳ ಹಿಂದೆ ಕಲಿತ ಹಾಡು ಉಳಿದಿರುತ್ತದೆ. ಹಾಗಾಗಿ ಆರೈಕೆ ಮಾಡುವವರು ಅವರ ಹರೆಯದ ಹಾಡುಗಳನ್ನು ಹುಡುಕಿ ಕೇಳಿಸುತ್ತಾರೆ. ನಾವು ಮಾಡುವುದೇ ಬೇರೆ. ವಯಸ್ಸಾಯಿತಲ್ಲ ಅಂತ ಬೆಳಿಗ್ಗೆಯಿಂದ ಸಂಜೆ ತನಕ ಸುಪ್ರಭಾತ, ಭಜನೆ ಹಾಕಿಬಿಡುತ್ತೇವೆ. ಅವರು ಇಪ್ಪತ್ತರಲ್ಲಿ ಕೇಳಿದ್ದು ಸೈಕಲ್ ಮೇಲೆ ಹೋಗುತ್ತಾ ಶಿಳ್ಳೆ ಹೊಡೆದ ಸಿನಿಮಾ ಹಾಡು ಇರಬಹುದು. ಭಜನೆ ಬೇಡ ಅಂತಲ್ಲ, ಅದೊಂದೇ ಸಾಲದು.

ಮಾಡುವುದು ಸುಲಭ. ಹುಟ್ಟಿದ ವರ್ಷಕ್ಕೆ ಹತ್ತು ಸೇರಿಸಿ, ಇಪ್ಪತ್ತೈದು ಸೇರಿಸಿ, ನಡುವೆ ಬಂದ ಹಾಡುಗಳನ್ನು ಒಂದು ಪೆನ್‌ಡ್ರೈವ್‌ಗೆ ತುಂಬಿಸಿ. ಹಳ್ಳಿಯಲ್ಲಿ ಬೆಳೆದವರಾದರೆ ಅದಕ್ಕೂ ಒಂದೈದು ವರ್ಷ ಹಿಂದಿನ ಹಾಡು ಸೇರಿಸಿ, ಟೆಂಟಿಗೆ ತಡವಾಗಿ ಬಂದ ಲೆಕ್ಕಕ್ಕೆ. ಹೆಂಗಸರಾದರೆ ತವರು ಯಾವ ಕಡೆ ಅಂತ ಕೇಳಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಾದರೆ ತೆಲುಗು ಹಾಡು ಇರಲಿ, ಕೆಜಿಎಫ್ ಆದರೆ ತಮಿಳು. ದನಿ ಸ್ವಲ್ಪ ಜಾಸ್ತಿ ಇಡಿ, ಈ ವಯಸ್ಸಿನವರಿಗೆ ಕಿವಿ ಮಂದ. ಎರಡನೇ ಚರಣ ಬರುವ ತನಕ ಹಾಡು ಬದಲಾಯಿಸಬೇಡಿ.